ಚೌಕಿನ ಇತಿಹಾಸ ಮತ್ತು ನಮ್ಮ ಬಚ್ಚಲು

ನನ್ನ ಮಾವನವರು ಧಾರವಾಡ ಬಿಟ್ಟು ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಗಿದ್ದರೂ ಸದಾಶಿವ ಪೇಠದ ನಮ್ಮ ಚೌಕಿನವರು ಅವರನ್ನು ಹೊರಗಿನವರೆಂದೇ ತಿಳಿದಿದ್ದರು. ಅದಕ್ಕೆ ಬೇಸರಪಡುವಂಥದ್ದೇನೂ ಇರಲಿಲ್ಲ. ಹಿಂದಿನ ಗಲ್ಲಿಯಿಂದ ಮದುವೆಯಾಗಿ ಬಂದ ಸೊಸೆಯನ್ನೂ ಅಲ್ಲಿ ಹೊರಗಿನವಳೆಂದೇ ಅನ್ನುತ್ತಿದ್ದರು. ಆದರೆ ತೊಂಬತ್ತರ ದಶಕದ ನಡುವೆ ಒಂದು ಗಣಪತಿ ಹಬ್ಬದಲ್ಲಿ ಈ ಹೊರಗಿನವರೆಂಬ ಬಿರುದೇ ಅವರನ್ನು ಸಿಕ್ಕಿಸಿಹಾಕಿತು.

ಆ ವರ್ಷ ಗಣಪತಿ ಮಂಡಳದವರಿಗೆ ಆರತಿಯಾದ ಮೇಲೆ ಒಂದು ವ್ಯಾಖ್ಯಾನ, ಅಂದರೆ ಭಾಷಣ, ಇಡಬೇಕೆನಿಸಿತು. ವಿಷಯ: ನಮ್ಮ ಚೌಕಿನ ಕಟ್ಟಡಗಳ ಇತಿಹಾಸ. ಮಂಡಳದ ಕಾರ್ಯದರ್ಶಿ ಒಂದು ಸಂಜೆ ನಮ್ಮ ಮನೆಗೆ ಬಂದು, ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು, ಮರಾಠಿಯಲ್ಲಿ ಹೇಳಿದ:

“ಕಾಕಾ, ಇದನ್ನ ನೀವೇ ಮಾಡಬೇಕು. ಆಜಿ ಹೇಳಿದರೆ ಸರ್ ಬರುವುದಿಲ್ಲ. ಸರ್ ಹೇಳಿದರೆ ಆಜಿ ಬರುವುದಿಲ್ಲ. ನೀವು ಹೇಳಿದರೆ ಇಬ್ಬರೂ ಬರುತ್ತಾರೆ, ನಿಮ್ಮ ತಪ್ಪು ಹಿಡಿಯಲಿಕ್ಕಾದರೂ.”

ಆಜಿ ಅಂದರೆ ನಾವು ಬಾಡಿಗೆಗಿದ್ದ ವಾಡೆಯ, ಅಂದರೆ ನಡುವೆ ಅಂಗಳವಿದ್ದ ಹಳೆಯ ದೊಡ್ಡ ಮನೆಯ, ಮಾಲಕಿ. ಮಕ್ಕಳಿಲ್ಲದ ವಿಧವೆ, ಎಪ್ಪತ್ತು ದಾಟಿದವರು, ಮೇಲಿನ ಅಂತಸ್ತಿನಲ್ಲಿ ಒಬ್ಬರೇ ಇದ್ದರು. ಚೌಕಿಗೆಲ್ಲ ಅವರು ಆಜಿ. ಕೆಳಗಿನ ಅಂತಸ್ತಿನಲ್ಲಿ ನಮ್ಮಂಥ ಬಾಡಿಗೆದಾರರು. ನಮ್ಮ ಪಾಲಿಗೆ ಎರಡು ಕೋಣೆ, ಒಂದು ಅಡಿಗೆಮನೆ, ಅದಕ್ಕೆ ಹೊಂದಿ ಕಲ್ಲುಹಾಸಿನ ಒಂದು ಬಚ್ಚಲು. ಸರ್ ಅಂದರೆ ಎದುರಿನ ಮೂರಂತಸ್ತಿನ ಕಟ್ಟಡದ ಒಡೆಯರು, ಅದರಲ್ಲಿ ಅವರದೇ ಕೋಚಿಂಗ್ ಕ್ಲಾಸು. ಮೂರನೆಯ ಮೂಲೆಯಲ್ಲಿ ಮದುವೆ ಮುಂಜಿಗೆ ಬಾಡಿಗೆಗೆ ಕೊಡುವ ಒಂದು ಹಳೆಯ ಮಂಗಲ ಕಾರ್ಯಾಲಯ. ನಾಲ್ಕನೆಯ ಮೂಲೆಯಲ್ಲಿ ಕಲ್ಲಿನ ಗೋಡೆಯ ಸಾರ್ವಜನಿಕ ಮೂತ್ರಿ, ಅದರ ಮುಂದೆ ರಿಕ್ಷಾಗಳ ಸಾಲು. ಇದಿಷ್ಟೇ ಚೌಕು. ಇದಕ್ಕೆ ಇತಿಹಾಸ ಬೇಕಾಗಿತ್ತು.

ಮಾವನವರು ದೇಹೂ ರೋಡಿನ ಒಂದು ಮಿಲಿಟರಿ ಆಫೀಸಿನಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾದವರು. ನಿವೃತ್ತಿಯಾದಾಗಿನಿಂದ ಮಧ್ಯಾಹ್ನ ಮಲಗುವುದು, ಎದ್ದು ಚಹಾ ಕುಡಿಯುವುದು, ಮತ್ತೆ ಮಲಗಬೇಕೋ ಬೇಡವೋ ಎಂದು ವಿಚಾರ ಮಾಡುವುದು, ಇಷ್ಟೇ ಅವರ ಕೆಲಸವಾಗಿತ್ತು. ಕಾರ್ಯದರ್ಶಿ ಹೋದ ಮೇಲೆ ಅವರು ಎದ್ದುನಿಂತ ರೀತಿಯೇ ಬೇರೆ. ಟೋಪಿ, ಛತ್ರಿ, ಟಾರ್ಚು ಎಲ್ಲ ತೆಗೆದಿಟ್ಟುಕೊಂಡರು.

ಅತ್ತೆ ಕೇಳಿದರು, “ಇತಿಹಾಸಕ್ಕ ಟಾರ್ಚ್ ಯಾಕ್ರಿ?”

“ಹಳೇ ಮನ್ಯಾಗ ಕತ್ತಲಿ ಇರ್ತದ.”

“ನಮ್ಮನ್ಯಾಗೂ ಅದ. ಬಲ್ಬ್ ಹೋಗಿ ಎಂಟು ದಿನಾ ಆತು. ಮೊದಲ ಅದನ್ನ ನೋಡ್ರಿ.”

ಅತ್ತೆಯವರ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಅವರಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಅದನ್ನು ಕಾಯಿಪಲ್ಲೆಯವಳ ಜೊತೆ, ಹಾಲಿನವನ ಜೊತೆ ಮಾತ್ರ ಖರ್ಚು ಮಾಡುತ್ತಿದ್ದರು. ಮನಸ್ಸಿನಲ್ಲಿದ್ದದ್ದನ್ನು ಹೇಳಲು ಕನ್ನಡವೇ ಬೇಕು. ಅದನ್ನೂ ವಾಡೆಯ ನಡುವಿನ ಅಂಗಳದಲ್ಲಿ ನಿಂತು, ಮೇಲಿನ ಗ್ಯಾಲರಿಯ ಕಡೆ ಮುಖಮಾಡಿ, ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ನಳದ ನೀರು ನಿಂತರೆ, ಹಂಚು ಸೋರಿದರೆ, ಆಜಿ ಒಗೆದ ಸೀರೆಯ ನೀರು ನಮ್ಮ ಹಪ್ಪಳದ ಮೇಲೆ ತೊಟ್ಟಿಕ್ಕಿದರೆ, ಆಜಿಯ ಏಳು ತಲೆಮಾರಿನ ಉದ್ಧಾರವಾಗುತ್ತಿತ್ತು. ನಮ್ಮನ್ನು ಬಿಟ್ಟರೆ ವಾಡೆಯಲ್ಲಿ ಯಾರಿಗೂ ಕನ್ನಡ ಬರುವುದಿಲ್ಲವೆಂಬ ಧೈರ್ಯ. ಆಜಿ ಮೇಲೆ ಬತ್ತಿ ಹೊಸೆಯುತ್ತ ಶಾಂತವಾಗಿ ಕೂತಿರುತ್ತಿದ್ದರು.

ಮಾವನವರು ಮೊದಲು ಹೋದದ್ದು ಆಜಿಯ ಹತ್ತಿರವೇ. ಈ ವಾಡೆಗೆ ಇನ್ನೂರು ವರ್ಷವಾಗಿದೆ, ಇಲ್ಲಿಂದ ಪೇಶ್ವೆಯವರ ಅರಮನೆಯಾದ ಶನಿವಾರ ವಾಡೆಗೆ ಒಂದು ಸುರಂಗ ಇದೆ, ಯುದ್ಧದ ಕಾಲದಲ್ಲಿ ಅಲ್ಲಿಯ ಹೆಂಗಸರು ಅದರಲ್ಲಿ ಬಂದು ಇಲ್ಲಿ ಅಡಗುತ್ತಿದ್ದರು ಎಂದು ಆಜಿ ಹೇಳಿದರು. ಸುರಂಗದ ಬಾಯಿ ಎಲ್ಲಿದೆ ಎಂದು ಕೇಳಿದ್ದಕ್ಕೆ, “ಅದನ್ನೆಲ್ಲ ಹೇಳಬಾರದು” ಎಂದರು.

ಮರುದಿನ ಸರ್. ತಮ್ಮ ಕಟ್ಟಡ ಹೊಸದು, ಆದರೆ ಅದಕ್ಕಿಂತ ಮೊದಲು ಅಲ್ಲಿ ಆಜಿಯ ವಾಡೆಗಿಂತಲೂ ಹಳೆಯ ವಾಡೆ ಇತ್ತು, ನಿಜವಾದ ಸುರಂಗ ಅಲ್ಲಿಯೇ ಇತ್ತು, ತಮ್ಮ ತಂದೆ ಅದನ್ನು ಮುಚ್ಚಿಸಿದರು ಎಂದು ಅವರ ವಾದ. “ಇನ್ನೊಂದು ಬರೆದುಕೊಳ್ಳಿ. ನಮ್ಮ ಮುತ್ತಜ್ಜ ಜನಸೇವೆಗಾಗಿ ಇದೇ ಚೌಕಿನಲ್ಲಿ ಜಾಗ ದಾನ ಕೊಟ್ಟಿದ್ದಾರೆ” ಎಂದರು. ಯಾವ ಜಾಗ ಎಂದದ್ದಕ್ಕೆ, ಅದು ಹಿರಿಯರಿಂದ ಕೇಳಿದ ಮಾತು, ಜಾಗ ಗೊತ್ತಿಲ್ಲ, ಬಹುಶಃ ದೇವಸ್ಥಾನಕ್ಕಿರಬೇಕು ಎಂದರು. ಮಂಗಲ ಕಾರ್ಯಾಲಯದವರ ಸುರಂಗವಂತೂ ಕುದುರೆ ಏರಿ ಹೋಗುವಷ್ಟು ಎತ್ತರವಿತ್ತಂತೆ.

ಮಾವನವರು ಆ ರಾತ್ರಿ ಊಟಕ್ಕೆ ಕೂತು, “ಮೂರೂ ಸುರಂಗ ಖರೇ ಇದ್ರ ಪೇಶ್ವೆಯವರು ರಸ್ತಾದ ಮ್ಯಾಲ ಕಾಲ ಇಟ್ಟಿಲ್ಲ ಅನ್ನಬೇಕು” ಎಂದರು.

ಅದಾದ ಎರಡು ದಿನಕ್ಕೆ ನಾನು ಆಫೀಸಿನಿಂದ ಬರುವಾಗ ಚೌಕಿನಲ್ಲಿ ಒಂದು ದೃಶ್ಯ ಕಂಡು ಗಾಬರಿಯಾದೆ. ಮಾವನವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮೂತ್ರಿಯ ಹೊರಗೋಡೆಯನ್ನು ಕೆರೆಯುತ್ತಿದ್ದರು. ಕೈಯಲ್ಲಿ ನಮ್ಮ ಮನೆಯ ದೋಸೆ ತಿರುವುವ ಚಮಚ. ಒಳಗೆ ಹೋಗಬೇಕಾದ ಇಬ್ಬರು ರಿಕ್ಷಾದವರು, ಇವರು ಕಾರ್ಪೊರೇಶನ್ನಿನ ಸಾಹೇಬರಿರಬೇಕು, ಅನುಮತಿ ಕೇಳಬೇಕೋ ಏನೋ ಎಂದು ತಿಳಿಯದೆ ಕಾಲು ಬದಲಿಸುತ್ತ ನಿಂತಿದ್ದರು.

“ಇಲ್ಲೆ ಬಾ, ಓದು” ಎಂದರು ನನಗೆ.

ಆ ಗೋಡೆಯ ಮೇಲೆ ವರ್ಷಾನುವರ್ಷದ ಪೋಸ್ಟರುಗಳು ಒಂದರ ಮೇಲೊಂದು ಅಂಟಿ ಹಪ್ಪಳದ ಹಿಟ್ಟಿನಂತೆ ದಪ್ಪವಾಗಿದ್ದವು. ಬಹಳಷ್ಟು ಸರ್ ಕ್ಲಾಸಿನವೇ, ಹತ್ತನೆಯ ಕ್ಲಾಸಿನಲ್ಲಿ ಮೊದಲ ಸ್ಥಾನ ಪಡೆದ ಮಕ್ಕಳ ಫೋಟೋಗಳು. ಅವುಗಳ ಹಿಂದಿನಿಂದ ಒಂದು ಕಲ್ಲು ಹೊರಬಂದಿತ್ತು. ಸಾರ್ವಜನಿಕರ ಸೌಕರ್ಯಕ್ಕಾಗಿ ಈ ಜಾಗವನ್ನು ಇಂಥವರು ದಾನವಾಗಿ ಕೊಟ್ಟರು ಎಂದು ಅದರ ಮೇಲೆ ಕೆತ್ತಿತ್ತು. ಇಂಥವರು ಅಂದರೆ ಸರ್ ಅವರ ಮುತ್ತಜ್ಜ.

ಮನೆಗೆ ಬಂದ ಮೇಲೆ ಅತ್ತೆ ಆ ಚಮಚವನ್ನು ಅಡಿಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಅದು ಮುಂದೆ ಕುಂಡದ ತುಳಸಿಗೆ ಮಣ್ಣು ಕೆದಕುವ ಕೆಲಸಕ್ಕೆ ಸೇರಿತು. ದೊಡ್ಡ ವಾದ ನಡೆದದ್ದು ಅದರ ಮೇಲಲ್ಲ, ವ್ಯಾಖ್ಯಾನದಲ್ಲಿ ಇದನ್ನು ಹೇಳಬೇಕೋ ಬೇಡವೋ ಎಂಬುದರ ಮೇಲೆ. ನನ್ನ ಮಗಳು ಮರುವರ್ಷ ಸರ್ ಕ್ಲಾಸಿಗೆ ಸೇರಬೇಕಾಗಿತ್ತು, ಅಲ್ಲಿ ಜಾಗ ಸಿಗುವುದು ಸುಲಭವಿರಲಿಲ್ಲ. ನನ್ನ ಗಂಡ, “ಅಪ್ಪಾ, ಸ್ವಲ್ಪ ತಿಳದ ಮಾತಾಡ್ರಿ” ಎಂದರು.

“ಕಲ್ಲಿನ ಮ್ಯಾಲ ಬರದದ. ಖರೇ ಹೇಳ್ಲಿಕ್ಕೆ ಅಂಜಿಕಿ ಯಾಕ?”

“ಖರೇ ಹೇಳ್ಲಿಕ್ಕೆ ಸ್ವಂತ ಮನೀ ಇರಬೇಕ್ರಿ,” ಅಂದರು ಅತ್ತೆ. “ಬಾಡಗಿ ಮನ್ಯಾಗ ಇದ್ದವರು ಭಜನೀ ಮಾಡಬೇಕು.”

ವ್ಯಾಖ್ಯಾನದ ಸಂಜೆ ಮಂಟಪ ತುಂಬಿತ್ತು. ಮುಂದಿನ ಸಾಲಿನಲ್ಲಿ ಒಂದು ತುದಿಗೆ ಆಜಿ, ಇನ್ನೊಂದು ತುದಿಗೆ ಸರ್. ಮಾವನವರು ಟೋಪಿ ಸರಿಮಾಡಿಕೊಂಡು ಮೈಕಿನ ಮುಂದೆ ನಿಂತರು. ಅವರ ಮರಾಠಿಯಲ್ಲಿ ಶಬ್ದಗಳೆಲ್ಲ ಸರಿಯಿದ್ದವು. ತೊಂದರೆ ಇದ್ದದ್ದು ಲಿಂಗದಲ್ಲಿ. ನಮ್ಮಲ್ಲಿ ಕಲ್ಲೂ ಅದು, ಗೋಡೆಯೂ ಅದು. ಮರಾಠಿಯಲ್ಲಿ ಕಲ್ಲು ಗಂಡು, ಗೋಡೆ ಹೆಣ್ಣು. ಮಾವನವರು ಗೋಡೆಯನ್ನು ಗಂಡು ಮಾಡಿದೊಡನೆ ಮಂಟಪವೆಲ್ಲ ಒಂದೇ ದನಿಯಲ್ಲಿ ತಿದ್ದಿತು. ಅವರು “ಧನ್ಯವಾದ” ಎಂದು ಮುಂದುವರಿದು ಕಲ್ಲನ್ನು ಹೆಣ್ಣು ಮಾಡಿದರು. ಮತ್ತೆ ತಿದ್ದಿದರು. ಸ್ವಲ್ಪ ಹೊತ್ತಿಗೆ ಜನರಿಗೆ ಇದರ ರುಚಿ ಹತ್ತಿ, ಅವರ ಪ್ರತಿ ವಾಕ್ಯದ ಕೊನೆಗೆ ಕಿವಿಗೊಟ್ಟು ಕಾಯತೊಡಗಿದರು. ಅಷ್ಟು ಗಮನ ಕೊಟ್ಟು ಇತಿಹಾಸ ಕೇಳಿದ ಸಭೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಡುವೆ ಅವರು ಆ ಕಲ್ಲಿನ ವಿಷಯಕ್ಕೆ ಬಂದರು. ನಾನು ಅತ್ತೆಯ ಕೈ ಹಿಡಿದುಕೊಂಡೆ.

“ದೇವಸ್ಥಾನ ಎಲ್ಲರೂ ಕಟ್ಟಿಸುತ್ತಾರೆ,” ಎಂದರು ಮಾವನವರು. “ದೇವಸ್ಥಾನ ಕಟ್ಟಿಸಿದರೆ ಪುಣ್ಯ ಬರುತ್ತದೆ, ಹೆಸರು ಬರುತ್ತದೆ. ಆದರೆ ಹೆಸರಿಗೆ ಆಸೆಪಡದೆ, ದಾರಿಹೋಕನ ನಿಜವಾದ ಕಷ್ಟ ಅರಿತು, ಚೌಕಿನ ಮೂಲೆಯ ಬೆಲೆಬಾಳುವ ಜಾಗವನ್ನು ಮೂತ್ರಿಗೆ ದಾನ ಕೊಟ್ಟ ಮಹಾನುಭಾವ ಈ ಪುಣೆಯಲ್ಲಿ ಒಬ್ಬನೇ. ಅವರು ನಮ್ಮ ಸರ್ ಅವರ ಮುತ್ತಜ್ಜ.”

ಸರ್ ಮುಖ ಕೆಂಪಾಯಿತು. ಆಗ ಹಿಂದಿನ ಸಾಲಿನಿಂದ ರಿಕ್ಷಾದವರು ಚಪ್ಪಾಳೆ ಹೊಡೆದರು, ಚೇಷ್ಟೆಗಲ್ಲ, ಮನಃಪೂರ್ವಕವಾಗಿ. ಅದು ಮುಂದಕ್ಕೆ ಹಬ್ಬಿ ಮಂಟಪವೆಲ್ಲ ಚಪ್ಪಾಳೆಯಾಯಿತು. ಸರ್ ಸುತ್ತ ನೋಡಿದರು, ಇವರು ನಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎದ್ದುನಿಂತು ಕೈಮುಗಿದರು. ಮರುದಿನವೇ ಆ ಕಲ್ಲಿಗೆ ಹಾರ ಬಿತ್ತು.

ಆದರೆ ಆ ಸಂಜೆ ಸಭೆಯಲ್ಲೇ, ಸರ್ ಗೆದ್ದದ್ದು ಆಜಿಗೆ ಸಹಿಸಲಾಗಲಿಲ್ಲ. ಮಾವನವರು ಸುರಂಗದ ಮಾತು ತೆಗೆದು, ಮೂರು ಮನೆಯವರು ಹೇಳುತ್ತಾರೆ, ಆದರೆ ಯಾರೂ ತೋರಿಸುವುದಿಲ್ಲ ಎಂದು ಅಂದದ್ದೇ ತಡ, ಆಜಿ ಕೋಲೂರಿ ಎದ್ದರು.

“ಯಾಕೆ ತೋರಿಸುವುದಿಲ್ಲ? ಸುರಂಗ ಇದೆ. ಇವರ ಬಚ್ಚಲಿನ ಕೆಳಗೇ ಇದೆ. ಬೇಕಾದವರು ನಾಳೆ ಬೆಳಿಗ್ಗೆ ಹೋಗಿ ನೋಡಿಕೊಳ್ಳಿ!”

ಅತ್ತೆ ನನ್ನ ಕಿವಿಯಲ್ಲಿ ಅಂದರು, “ನೋಡು, ತನ್ನ ಮನೀ ಹೊಲಸಾಗಬಾರದು ಅಂತ ಊರ ಮಂದೀನ ನಮ್ಮ ಬಚ್ಚಲಕ್ಕ ಕಳಿಸ್ಲಿಕ್ಕೆ ಹತ್ಯಾಳ.”

ಪುಣೆಯವರಿಗೆ ನಾಳೆ ಬೆಳಿಗ್ಗೆ ಎಂದು ಹೇಳಿದರೆ ಬೆಳಿಗ್ಗೆಯೇ ಬರುತ್ತಾರೆ. ನನ್ನ ಗಂಡ ಸ್ನಾನಕ್ಕೆಂದು ನೀರು ಕಾಯಿಸುವ ತಾಮ್ರದ ಬಂಬಕ್ಕೆ ಉರಿ ಹಾಕಿ, ಮೈಗೆ ಟಾವೆಲ್ ಸುತ್ತಿಕೊಂಡು ನಿಂತಿದ್ದಾಗಲೇ ಮೊದಲ ತಂಡ ಬಾಗಿಲಿಗೆ ಬಂತು. ಬಚ್ಚಲಿಗೆ ದಾರಿ ಅಡಿಗೆಮನೆಯ ಮೂಲಕವೇ. ಅತ್ತೆ ಮಡಿಯುಟ್ಟು ನೈವೇದ್ಯಕ್ಕೆ ಮೋದಕ ಮಾಡುತ್ತಿದ್ದರು. ಮಂಡಳದ ಹುಡುಗರು, ಕಾರ್ಯಾಲಯದವರು, ಎಲ್ಲಿಂದಲೋ ಬಂದ ಒಬ್ಬ ಇತಿಹಾಸಾಸಕ್ತರು, ಅವರ ಪತ್ನಿ, ಎಲ್ಲರೂ ಅತ್ತೆಯ ಬೆನ್ನ ಹಿಂದಿನಿಂದ, “ಸ್ವಲ್ಪ ಸರಿಯಿರಿ ಕಾಕೂ” ಎನ್ನುತ್ತ ಹಾದುಹೋದರು. ಬಚ್ಚಲಿನಲ್ಲಿ ನಿಂತು ಕಲ್ಲುಗಳನ್ನು ಕಾಲಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಒಬ್ಬರು ನಮ್ಮ ಸೋಪಿನ ಗೂಡು ಪೇಶ್ವೆಯವರ ಕಾಲದ್ದೆಂದು ಹೇಳಿದರು. ಸರ್ ತಮ್ಮ ಕ್ಲಾಸಿನ ಮಕ್ಕಳನ್ನು ಗಣಿತದ ಪಾಠ ಮುಗಿದ ಮೇಲೆ ಸಾಲುಮಾಡಿ ಕಳಿಸಿದರು. ನನ್ನ ಗಂಡ ಸ್ನಾನ ಮಾಡದೆ, ಪೌಡರು ಬಡಿದುಕೊಂಡು ಆಫೀಸಿಗೆ ಹೋದರು.

ಹತ್ತು ಗಂಟೆಯ ಹೊತ್ತಿಗೆ ಅತ್ತೆಯ ಸಹನೆ ಮುಗಿಯಿತು. ಅಂಗಳದ ನಡುವೆ ಹೋಗಿ, ಸೊಂಟಕ್ಕೆ ಕೈಕೊಟ್ಟು, ಗ್ಯಾಲರಿಯ ಕಡೆ ಮುಖ ಎತ್ತಿದರು.

“ಏನ್ ಮುದುಕಿ ಇದು! ಹಲ್ಲ ಬಿದ್ದಾವ, ನಾಲಿಗಿ ಮಾತ್ರ ಬೀಳವಲ್ದು! ಸುರಂಗಂತ ಸುರಂಗ! ಇಕೀ ಮುತ್ತಜ್ಜ ಇಲಿ ಇದ್ನೋ ಹೆಗ್ಗಣ ಇದ್ನೋ, ನೆಲದಾಗಿಂದ ಅಡ್ಡಾಡ್ಲಿಕ್ಕೆ!”

ಮೇಲಿನಿಂದ ಸೊಟ್ಟ ಕನ್ನಡಕದ ಮುಖವೊಂದು ಬಗ್ಗಿತು. ತಡವರಿಸದ, ಗಟ್ಟಿ, ನಮ್ಮ ಕಡೆಯ ಕನ್ನಡದಲ್ಲಿ ಉತ್ತರ ಬಂತು:

“ಹೆಗ್ಗಣ ಅಲ್ಲವಾ, ಜಮಖಂಡಿ ಸಂಸ್ಥಾನದಾಗ ಕಾರಭಾರಿ ಇದ್ರು. ಮೋದಕ ಸೀದ ವಾಸನಿ ಬರ್ಲಿಕ್ಕೆ ಹತ್ತದ, ಮೊದಲ ಒಳಗ ಹೋಗಿ ಒಲಿ ಆರಸು.”

ಅತ್ತೆ ಅಲ್ಲಿಯೇ ಕಲ್ಲಾದರು. ನಾನು ಓಡಿಹೋಗಿ ಒಲೆ ಆರಿಸಿದೆ, ಮೋದಕ ನಿಜವಾಗಿಯೂ ತಳ ಹಿಡಿದಿತ್ತು. ಹಿಂದಿರುಗಿ ಬಂದಾಗಲೂ ಅತ್ತೆ ಅದೇ ಜಾಗದಲ್ಲಿ, ಅದೇ ಸೊಂಟಕ್ಕೆ ಅದೇ ಕೈ ಇಟ್ಟು ನಿಂತಿದ್ದರು. ಆಜಿಯ ತವರು ಜಮಖಂಡಿ. ಹನ್ನೆರಡನೆಯ ವಯಸ್ಸಿನ ತನಕ ಕನ್ನಡ ಸಾಲೆಗೆ ಹೋದವರು. ಮೂವತ್ತು ವರ್ಷದಿಂದ ಅತ್ತೆ ಅಂದದ್ದೆಲ್ಲ ಅವರಿಗೆ ಅಕ್ಷರ ಬಿಡದೆ ತಿಳಿದಿತ್ತು.

ಸಂಜೆ ಅತ್ತೆ ತಳಹಿಡಿಯದ ಮೋದಕಗಳನ್ನು ಆರಿಸಿ, ತಟ್ಟೆಯಲ್ಲಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಮೇಲೆ ಹೋದರು. ಬಾಗಿಲಲ್ಲಿ ನಿಂತು ತಲೆತಗ್ಗಿಸಿ ಕೇಳಿದರು, “ಇಷ್ಟು ವರ್ಷ ಯಾಕ ಸುಮ್ನ ಇದ್ರಿ? ಒಂದ ಮಾತು ಹೇಳಬಾರದಾಗಿತ್ತೇನ್ರಿ?”

“ಹೇಳಿದ್ರ ನೀ ಬೈಯೂದು ಬಿಡ್ತಿದ್ದಿ,” ಎಂದರು ಆಜಿ. “ಮಧ್ಯಾಹ್ನ ನನಗ ಹೊತ್ತು ಹೋಗಬೇಕಲ್ಲ? ಇಲ್ಲೆ ಕನ್ನಡ ಮಾತಾಡವರು ಬ್ಯಾರೆ ಯಾರಿದ್ರು? ನಮ್ಮವ್ವನೂ ಹಿಂಗ ಬೈತಿದ್ಲು. ಕೂಡು.”

ಅತ್ತೆ ಕೂತರು. ಇಬ್ಬರೂ ಮೊದಲಿಗೆ ಅತ್ತದ್ದು ಹೌದು, ಆದರೆ ಬಹಳ ಹೊತ್ತಲ್ಲ. ಆಮೇಲೆ ಜೋಳದ ರೊಟ್ಟಿ ಬಡಿಯುವುದು ಯಾರಿಗೆ ಚೆನ್ನಾಗಿ ಬರುತ್ತದೆ ಎಂಬುದರ ಮೇಲೆ ವಾದ ಹತ್ತಿತು.

ಇತ್ತ ಸುರಂಗದ ಸುದ್ದಿ ಕಾರ್ಪೊರೇಶನ್ನಿಗೂ ಮುಟ್ಟಿ, ಗಣಪತಿ ಮುಳುಗಿದ ವಾರದಲ್ಲಿ ಒಬ್ಬ ಎಂಜಿನಿಯರ್ ಇಬ್ಬರು ಆಳುಗಳೊಂದಿಗೆ ಬಂದರು. ಬಚ್ಚಲಿನ ದೊಡ್ಡ ಕಲ್ಲು ಎಬ್ಬಿಸಿದರು. ಚೌಕು ಚೌಕೇ ನಮ್ಮ ಅಡಿಗೆಮನೆಯಲ್ಲಿತ್ತು. ಕೆಳಗಿನಿಂದ ತಣ್ಣನೆಯ ಗಾಳಿ ಬಂತು. ಮಾವನವರ ಟಾರ್ಚಿಗೆ ಕೊನೆಗೂ ಕೆಲಸ ಸಿಕ್ಕಿತು. ಬೆಳಕಿನಲ್ಲಿ ಕಂಡದ್ದು ಗಚ್ಚಿನಿಂದ ಕಟ್ಟಿದ, ಒಂದು ಬೆಕ್ಕು ಆರಾಮಾಗಿ ಹಾಯಬಹುದಾದಷ್ಟು ಅಗಲದ ಕಾಲುವೆ.

“ಕಾತ್ರಜದ ಕೆರೆಯ ನೀರು,” ಎಂದರು ಎಂಜಿನಿಯರ್. “ಪೇಶ್ವೆಯವರ ಕಾಲದಲ್ಲಿ ಹೀಗೇ ನೆಲದೊಳಗಿಂದ ಊರಿಗೆ ತಂದಿದ್ದರು. ವಾಡೆ ವಾಡೆಯ ನೀರಿನ ತೊಟ್ಟಿಗೆ ಇಂಥ ಕವಲುಗಳು ಇರುತ್ತಿದ್ದವು.”

ಗುಂಪಿಗೆ ನಿರಾಸೆಯಾಯಿತು. ಹಿಂದಿನಿಂದ ಯಾರೋ, “ಆಗಿನ ಜನ ತೆಳ್ಳಗಿದ್ದರು” ಎಂದರು. ಆದರೆ ಮಾವನವರು ಮಂಡಿಯೂರಿ ಕೂತು ಆ ಕಾಲುವೆಯ ಕಡೆ ಬಹಳ ಹೊತ್ತು ನೋಡಿದರು. ಏಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. “ಸುರಂಗಕ್ಕಿಂತ ಇದ ಛಲೋ ಅದ,” ಅಂದರು ನನಗೆ. “ಅಡಗಲಿಕ್ಕೆ ಯಾರ ಬೇಕಾದ್ರೂ ತೆಗ್ಗು ತೋಡ್ತಾರ. ನೀರು ಕೊಡ್ಲಿಕ್ಕೆ ಇಷ್ಟು ದೂರದಿಂದ ತಂದಾರಲ್ಲ.”

ಎಂಜಿನಿಯರ್ ಮಾತ್ರ ನೀರಿನ ಬಗ್ಗೆ ಯೋಚಿಸುತ್ತಿರಲಿಲ್ಲ. ಅವರು ಗೋಡೆಗಳನ್ನು ನೋಡುತ್ತಿದ್ದರು. ತಿಂಗಳೊಳಗೆ ವಾಡೆಯ ಬಾಗಿಲಿಗೆ ನೋಟೀಸು ಬಂತು: ಕಟ್ಟಡ ಅಪಾಯಕಾರಿ, ಯಾವಾಗ ಬೇಕಾದರೂ ಬೀಳಬಹುದು. ಹೀಗೆ ಚೌಕಿನ ಇತಿಹಾಸ ಹುಡುಕಲು ಹೋಗಿ ಮಾವನವರು ನಮ್ಮ ಮನೆಗೇ ಕುತ್ತು ತಂದರು ಎಂದು ಬಾಡಿಗೆದಾರರೆಲ್ಲ ಅವರ ಮೇಲೆ ಸಿಟ್ಟಾದರು. ಅವರಿಗೂ ಬಹಳ ಹಳಹಳಿಯಾಯಿತು, ಕೆಲವು ದಿನ ಚೌಕಿಗೆ ಇಳಿಯಲಿಲ್ಲ. ಆಜಿಯೇ ಕೆಳಗೆ ಬಂದು, “ನೀವ್ಯಾಕ ಮಾರಿ ಸಣ್ಣ ಮಾಡ್ಕೋತೀರಿ? ಬಚ್ಚಲಾ ತೋರಿಸಿದಾಕಿ ನಾನು” ಎಂದು ಸಮಾಧಾನ ಹೇಳಿದರು.

ಯಾವಾಗ ಬೇಕಾದರೂ ಬೀಳಬಹುದಾದ ಕಟ್ಟಡದಲ್ಲಿ ನಾವು ಮತ್ತೂ ಏಳೆಂಟು ವರ್ಷ ಇದ್ದೆವು. ಬಿಲ್ಡರು, ಬಾಡಿಗೆದಾರರು, ವಕೀಲರು ಮಾತಾಡಿ ಮುಗಿಸುವುದಕ್ಕೆ ಅಷ್ಟು ಕಾಲ ಹಿಡಿಯಿತು. ಮಗಳು ಸರ್ ಕ್ಲಾಸಿಗೆ ಹೋಗಿ, ಪಾಸಾಗಿ, ಕಾಲೇಜೂ ಮುಗಿಸಿದಳು. ಅತ್ತೆ ಮತ್ತು ಆಜಿ ದಿನಾ ಮಧ್ಯಾಹ್ನ ಗ್ಯಾಲರಿಯಲ್ಲಿ ಕೂತು ಕನ್ನಡದಲ್ಲಿ ಚೌಕಿನವರನ್ನೆಲ್ಲ ಬೈಯುತ್ತಿದ್ದರು. ಈಗ ಬೈಯಲು ಇಬ್ಬರಾದರು, ಆದ್ದರಿಂದ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಹೊಸ ಶತಮಾನ ಬಂದು ಕೆಲವು ವರ್ಷಕ್ಕೆ ಕೊನೆಗೂ ವಾಡೆ ಕೆಡವುವುದು ನಿಶ್ಚಯವಾಯಿತು. ಬಾಡಿಗೆದಾರರಿಗೆಲ್ಲ ಹೊಸ ಕಟ್ಟಡದಲ್ಲಿ ಫ್ಲ್ಯಾಟು. ಅಲ್ಲಿಯ ತನಕ ನಾವು ನಿಗಡಿಯಲ್ಲಿ ಮನೆ ಹಿಡಿದೆವು. ಆಜಿ ಯಾರೋ ನೆಂಟರ ಮನೆಗೆ ಹೋಗಲೊಪ್ಪದೆ, “ನಿಮ್ಮ ಜೋಡೀನ ಬರ್ತೀನಿ” ಎಂದರು. ಅತ್ತೆ ಅವರ ಹಾಸಿಗೆಯನ್ನು ತಮ್ಮ ಕೋಣೆಯಲ್ಲೇ ಹಾಕಿಸಿದರು.

ಕೆಡವುವ ದಿನ ನಾವೆಲ್ಲ ನಿಗಡಿಯಿಂದ ನೋಡಲು ಬಂದೆವು. ಸರ್ ತಮ್ಮ ಕಟ್ಟಡದ ಮುಂದೆ ಕುರ್ಚಿ ಹಾಕಿಸಿದ್ದರು. ಕೆಡವುವ ಯಂತ್ರ ಬಂದು ಮುಂದಿನ ಗೋಡೆಗೆ ಗುದ್ದಿತು. ಮಣ್ಣು ಉದುರಿತು, ಗೋಡೆ ಅಲುಗಲಿಲ್ಲ. ಮತ್ತೆ ಗುದ್ದಿತು. ಯಂತ್ರವೇ ಹಿಂದೆ ಸರಿಯಿತು. ನಡೆಸುವವನು ಇಳಿದು ಬಂದು ಗೋಡೆಯನ್ನು ಸುತ್ತ ನೋಡಿ, ತಲೆ ಕೆರೆದುಕೊಂಡು ಮತ್ತೆ ಹತ್ತಿದ. ಆಜಿಗೆ ಮೊದಲು ಕಣ್ಣು ತುಂಬಿದ್ದವು, ಈಗ ಬೆನ್ನು ನೆಟ್ಟಗಾಯಿತು. ಪ್ರತಿ ಗುದ್ದಿಗೂ, “ಹೊಡಿ! ಇನ್ನೊಮ್ಮೆ ಹೊಡಿ!” ಎಂದು ಮರಾಠಿಯಲ್ಲಿ ಕೂಗಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ, “ಅಪಾಯಕಾರಿ ಅಂತ!” ಎನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಯಂತ್ರದ ಹಲ್ಲು ಒಂದು ಮುರಿಯಿತು. ಗೋಡೆ ನಿಂತೇ ಇತ್ತು.

ಸರ್ ಮನೆಯವರು ನಮ್ಮನ್ನು ಊಟಕ್ಕೆ ಕರೆದರು. ಎಲೆಯ ಮುಂದೆ ಕೂತು ಬೇಳೆಯ ವರಣ ಹಾಕಿ ಅನ್ನ ಕಲಸುತ್ತಿದ್ದೆವು. ಹೊರಗೆ ದೊಡ್ಡ ಸಪ್ಪಳವಾಯಿತು, ಕಿಟಕಿಯ ಗಾಜುಗಳು ನಡುಗಿದವು. ಎಂಜಲು ಕೈಯಲ್ಲೇ ಓಡಿಬಂದರೆ ಚೌಕಿನ ತುಂಬ ಧೂಳು. ಧೂಳು ಇಳಿದ ಮೇಲೆ ವಾಡೆ ಇದ್ದ ಕಡೆ ಬರೀ ಆಕಾಶ. ಅದರ ಹಿಂದಿನ ಮನೆಯ ಹೆಂಗಸೊಬ್ಬಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತ ನಮ್ಮನ್ನೇ ನೋಡುತ್ತಿದ್ದಳು.

ಯಂತ್ರದವನು ಚಹಾದಂಗಡಿಯಿಂದ ಓಡುತ್ತ ಬಂದ, ಅವನ ಕೈಯಲ್ಲಿ ಅರ್ಧ ತಿಂದ ವಡಾಪಾವ್ ಇತ್ತು.

ಆಜಿ ಅವನನ್ನು ಜಬರಿಸಿದರು, “ಹೇಳಿ ಕೆಡವಬೇಕೋ ಬೇಡವೋ? ನಾವು ಊಟಕ್ಕೆ ಹೋದಾಗ ಕೆಡವುತ್ತೀಯಾ?”

“ನಾನಲ್ಲ ಆಜಿ,” ಅಂದ ಅವನು, ಅಳುವ ದನಿಯಲ್ಲಿ. “ನಾನೂ ತಿನ್ನಲಿಕ್ಕೆ ಹೋಗಿದ್ದೆ. ಅದೇ ಬಿತ್ತು.”

ಆಜಿ ಆ ರಾಶಿಯನ್ನು ನೋಡಿದರು. ಆಮೇಲೆ ಅತ್ತೆಯ ಭುಜದ ಮೇಲೆ ಕೈಯಿಟ್ಟು ನಕ್ಕರು. ಅತ್ತೆಗೂ ನಗು ಬಂತು. ತಲೆ, ಹುಬ್ಬು, ಸೀರೆ ಎಲ್ಲ ಬಿಳಿಯಾದ ಇಬ್ಬರು ಮುದುಕಿಯರು ನಡುಚೌಕಿನಲ್ಲಿ ಒಬ್ಬರಿಗೊಬ್ಬರು ಆತುಕೊಂಡು ನಗುತ್ತಿರುವುದನ್ನು ನೋಡಿ ರಿಕ್ಷಾದವರು ದಾರಿ ಬಿಟ್ಟು ಸುತ್ತುಹಾಕಿ ಹೋದರು.

“ನಡಿ,” ಅಂದರು ಆಜಿ, “ಅನ್ನ ಆರ್ಲಿಕ್ಕೆ ಹತ್ತದ.”

ನಾವು ಒಳಗೆ ಹೋಗಿ ಕೈ ತೊಳೆದುಕೊಂಡು, ಮತ್ತೆ ಎಲೆಯ ಮುಂದೆ ಕೂತೆವು.